ಹಳದಿ ಪ್ರತಿ

ಪುಂತಾ ಅರೆನಾಸಿನಲ್ಲಿ ಮರಗಳೂ ಪೂರ್ವಕ್ಕೆ ಬಾಗಿಯೇ ಬೆಳೆಯುತ್ತವೆ.
ಬಿರುಗಾಳಿಯ ತಿಂಗಳಲ್ಲಿ ಚೌಕದ ಸುತ್ತ ಹಗ್ಗ ಕಟ್ಟುತ್ತಾರೆ,
ಮುದುಕರು ಹಿಡಿದು ನಡೆಯಲೆಂದು.
ಇಲ್ಲಿ ಕಾರು ನಿಲ್ಲಿಸುವವರು ಮೊದಲು ಗಾಳಿಯ ಮುಖ ನೋಡಬೇಕು,
ಕಾರಿನ ಮೂಗು ಪಶ್ಚಿಮಕ್ಕೆ ತಿರುಗಿಸಬೇಕು,
ಆಮೇಲೆ ಬಾಗಿಲು. ಅದೂ ಎರಡು ಕೈಯಲ್ಲಿ.
ನಮ್ಮೂರ ಮಕ್ಕಳಿಗೆ ಮಾತಿಗಿಂತ ಮೊದಲು ಇದು ಬರುತ್ತದೆ.

ಎಲಿಯೆಸೆರನಿಗೆ ಬಂದಿರಲಿಲ್ಲ.
ಉತ್ತರದ ಗಣಿಯೂರಿನ ಹುಡುಗ,
ಕೆಲಸಕ್ಕೆ ಸೇರಿ ಹದಿಮೂರೇ ದಿನ.
ಬ್ರೇಕ್ ಪ್ಯಾಡ್ ಹಾಕಿ ಮುಗಿದ ನೀಲಿ ಕಾರನ್ನು
ಷೆಡ್ಡಿನಿಂದ ಆಚೆ ತಂದು
ಅದರ ಬೆನ್ನನ್ನು ಗಾಳಿಗೆ ಕೊಟ್ಟು ನಿಲ್ಲಿಸಿದ.
ಬಾಗಿಲ ಚಿಲಕ ಎತ್ತಿದ, ಒಂದು ಬೆರಳಲ್ಲಿ.

ಒಳಗೆ ಲೆಕ್ಕ ಬರೆಯುತ್ತಿದ್ದ ನನಗೆ ಸದ್ದು ಕೇಳಿತು:
ಕೋಳಿಯ ರೆಕ್ಕೆ ಮುರಿದಂತೆ,
ಆದರೆ ಕಬ್ಬಿಣದ ಕೋಳಿ.

ಷೆಡ್ಡು ನನ್ನ ತಮ್ಮ ರಾದೊಮಿರೊನದು.
ಹೊರಗೋಡೆಗೆ ಕೆಂಪು ಬಣ್ಣದಲ್ಲಿ ಅವನೇ ಬರೆದದ್ದು:
ಇಲ್ಲಿ ಬಿಟ್ಟ ವಾಹನಕ್ಕೆ ಆಗುವ ಹಾನಿಗೆ ನಾವು ಹೊಣೆಯಲ್ಲ.
ನಮ್ಮ ಭಾಷೆಯಲ್ಲಿ ಆ 'ಅಲ್ಲ' ವಾಕ್ಯದ ಮೊದಲಿಗೇ ಬರುತ್ತದೆ,
ಗಾಳಿ ಬಡಿಯುವ ತುದಿಯಲ್ಲಿ.
ಅದೊಂದು ಪದದ ಬಣ್ಣ ಹಕ್ಕಳೆಯೆದ್ದು ಹೋಗಿದೆ.

ಐದಕ್ಕೆ ಒರ್ತೆನ್ಸಿಯಾ ಬಂದಳು, ಅಂಚೆ ಕಚೇರಿಯಲ್ಲಿ ನಿವೃತ್ತಳಾದವಳು.
"ಗಾಳಿ ಮಾಡಿದ್ದು ಅಮ್ಮಾ, ನಮ್ಮ ಕೈಮೀರಿದ್ದು," ಅಂದ ತಮ್ಮ.
ಅವಳು ಬಾಗಿಲು ನೋಡಲಿಲ್ಲ, ಅವನನ್ನು ನೋಡಿದಳು.
"ಕೀಲಿಕೈ ನಾನು ಗಾಳಿಗೆ ಕೊಟ್ಟಿರಲಿಲ್ಲವಲ್ಲ."

ಆಮೇಲೆ ಹೊಣೆ ಅನ್ನುವುದು ಆ ಷೆಡ್ಡಿನೊಳಗೆ
ಬಿಸಿ ಸೈಲೆನ್ಸರಿನ ಹಾಗೆ ಕೈಯಿಂದ ಕೈಗೆ ಹೋಯಿತು.
ಹುಡುಗನ ತಪ್ಪು, ಸಂಬಳದಲ್ಲಿ ಮುರಿದುಕೊಳ್ಳುತ್ತೇನೆ, ಅಂದ.
ಹುಡುಗ ಸುಮ್ಮನಿದ್ದ, ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು;
ಹಾರುವ ಬಾಗಿಲನ್ನು ಬಿಡದೆ ಹಿಡಿಯಹೋದವನು.
ಅದನ್ನು ಯಾರೂ ಕೇಳಲಿಲ್ಲ.
ಹಳೇ ಕಾರು, ಕೀಲು ಮೊದಲೇ ಸವೆದು ಜೋತಿತ್ತು, ಅಂದ ಕೊನೆಗೆ,
ಅಂದು, ನನ್ನ ಕಡೆ ನೋಡಿದ.

ಬಂದ ಗಾಡಿಗೆ ಒಂದು ಸುತ್ತು ಬಂದು ಬರೆಯುವವಳು ನಾನು.
ಮುಂದಿನ ಬಂಪರ್: ಗೀರು, ಹಳೆಯದು.
ಹಿಂದಿನ ಎಡದೀಪ: ಬಿರುಕು.
ಬಾಗಿಲು ನಾಲ್ಕೂ: ಸರಿ.
ಬಿಳಿ ಪ್ರತಿ ಅವರಿಗೆ, ಹಳದಿ ನಮಗೆ.

ಒರ್ತೆನ್ಸಿಯಾ ಕೈಚೀಲ ತಡಕಿದಳು: ಔಷಧದ ಚೀಟಿ, ಬಸ್ಸಿನ ಚೀಟಿ,
ಯಾರದೋ ಮಗುವಿನ ಫೋಟೊ.
ಬಿಳಿಯದು ಬೆಳಿಗ್ಗೆ ಗೇಟಿನ ಹತ್ತಿರವೇ ಕೈಜಾರಿ ಹಾರಿತಂತೆ,
ಈ ಹೊತ್ತಿಗೆ ಜಲಸಂಧಿ ದಾಟಿರಬೇಕು.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ಇಷ್ಟು ಗಾಳಿಯ ಊರಲ್ಲಿ ಐವತ್ತೆಂಟು ವರ್ಷ ಕಳೆದೆ,
ತೂರಿಕೊಂಡವರ ಮನೆಯಲ್ಲಿ ಕಾಳು ಉಳಿದದ್ದು ಕಾಣೆ.
ಹಾಗೆಂದು ನಾನೇನು ಧೀರಳಲ್ಲ.
ಡ್ರಾಯರಿನ ಮೇಲೆ ಕೈ ಇಟ್ಟು ತುಂಬಾ ಹೊತ್ತು ಕೂತಿದ್ದೆ,
ಕೆಟಲಿನ ನೀರು ಕುದಿದು, ಆರಿ, ತಣ್ಣಗಾಗುವವರೆಗೆ.

ಹಳದಿ ಹಾಳೆ ತೆಗೆದು ಮೇಜಿನ ಮೇಲಿಟ್ಟೆ.
ಹಾರದಿರಲಿ ಎಂದು ಅವಳದೇ ಕಾರಿನ
ಸವೆದ ಬ್ರೇಕ್ ಪ್ಯಾಡ್ ಅದರ ಮೇಲಿಟ್ಟೆ.

ಹೊಸ ಕೀಲು, ಬಣ್ಣ, ಬಡಿದು ನೇರಮಾಡಿದ ಕೂಲಿ.
ತಮ್ಮ ಅರ್ಧ ಕೊಟ್ಟ, ಮುಖ ಊದಿಸಿಕೊಂಡು.
ಇನ್ನರ್ಧ ನಾನು.
"ನಿನಗೇಕೆ ಇದು?" ಅಂದ.
ಹದಿಮೂರು ದಿನ ನನ್ನ ಕಿಟಕಿಯ ಮುಂದೆ ಓಡಾಡಿದ ಹುಡುಗ,
ಅವನ ಊರು ಯಾವುದೆಂದು ಮೊದಲ ದಿನವೇ ಕೇಳಿದ್ದೆ,
ಗಾಳಿ ಯಾವ ಕಡೆಯದೆಂದು ಹೇಳಿರಲಿಲ್ಲ.
ತಮ್ಮನಿಗೆ ಇದನ್ನೆಲ್ಲ ವಿವರಿಸಲಿಲ್ಲ. ಚಹಾಕ್ಕೆ ಮತ್ತೆ ನೀರಿಟ್ಟೆ.

ಶನಿವಾರ ರಾದೊಮಿರೊ ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದ,
ಅಳಿಸಿದ 'ಅಲ್ಲ'ವನ್ನು ಮತ್ತೆ ಬರೆಯಲು.
ಗಾಳಿ ಜೋರಿತ್ತು.
ಕೆಳಗೆ ಏಣಿ ಹಿಡಿದು ನಿಂತವನು ಎಲಿಯೆಸೆರ್,
ಎರಡೂ ಕೈಯಲ್ಲಿ,
ಪಟ್ಟಿ ಕಟ್ಟಿದ ಕೈಯೂ ಸೇರಿ.